ಅತ್ತೆಯ ಕಣ್ಣು, ಅತ್ತೆಯ ಸಾಕ್ಷಿ

ನಮ್ಮ ಸೋದರತ್ತೆಗೆ ಈ ಲೋಕದಲ್ಲಿ ಕಾಣದಿರುವುದು ಎರಡೇ ಎರಡು: ಎದುರಿಗಿರುವ ಬಾಗಿಲು ಮತ್ತು ತನ್ನದೇ ತಪ್ಪು. ಉಳಿದದ್ದೆಲ್ಲ ಆಕೆಗೆ ನಿಚ್ಚಳವಾಗಿ ಕಾಣುತ್ತದೆ. ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆಯಲ್ಲಿ, ಬೆತ್ತದ ಕುರ್ಚಿಯಿಂದ ಏಳದೆಯೇ, ಚಿಲಕ ಬಡಿದ ಸದ್ದು ಕೇಳಿ, ಬಂದವರು ಗಂಡನ ಜೊತೆ ಜಗಳವಾಡಿ ಬಂದಿದ್ದಾರೆಂದು ಹೇಳಬಲ್ಲಳು. ಸಾರಿನ ವಾಸನೆ ಹಿಡಿದು, ಅದನ್ನು ಕುದಿಸಿದವರು ಬೆಳಗಿನ ಪ್ರಾರ್ಥನೆಗೆ ಚಕ್ಕರ್ ಹೊಡೆದಿದ್ದಾರೆಂದು ತೀರ್ಪು ಕೊಡಬಲ್ಲಳು. ಎಂ.ಎ. ಮುಗಿಸಿ ಆಕೆಯ ಮನೆಯಲ್ಲೇ ಇರುವ ನಾನೇ ಆ ಸಾರು ಕುದಿಸುವುದರಿಂದ, ತೀರ್ಪನ್ನು ಪ್ರಶ್ನಿಸುವ ನೈತಿಕ ಹಕ್ಕು ನನಗಿಲ್ಲ!

"ಇದಕ್ಕ ಒಳಗಣ್ಣು ಅಂತಾರ. ನಿಮ್ಮ ಯೂನಿವರ್ಸಿಟಿಯೊಳಗ ಇದರ ಡಿಪಾರ್ಟ್‌ಮೆಂಟ್ ಇಲ್ಲ" ಎಂಬುದು ಆಕೆಯ ಖಾಯಂ ಚುಚ್ಚುಮಾತು. ಜೀವಮಾನವೆಲ್ಲ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ, ಮದುವೆಯ ಗೋಜಿಗೇ ಹೋಗದ ಈ ಹೆಂಗಸನ್ನು ನಮ್ಮ ಕ್ರೈಸ್ತ ಸಭೆಯ ಜನ 'ಟೀಚರಮ್ಮ' ಎನ್ನುತ್ತಾರೆ. ಟೀಚರಮ್ಮ ಹೇಳಿದ್ದು ತಪ್ಪಿರಲಾರದು ಎಂದು ನಂಬುತ್ತಾರೆ. ಅನರ್ಥದ ಬೇರು ಇರುವುದು ಇಲ್ಲೇ.

ಒಳಗಣ್ಣಿನ ಬಗ್ಗೆ ನನ್ನ ತಕರಾರಿಲ್ಲ. ಅದರ ಹೆಸರಿನಲ್ಲಿ ಆಕೆಯ ಹೊರಗಣ್ಣನ್ನು ಕಸಿದುಕೊಂಡವರ ಮೇಲಿದೆ ನನ್ನ ಸಿಟ್ಟು. ಕಳೆದ ಬೇಸಿಗೆಯಲ್ಲಿ ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಪಕ್ಕದ ಬಯಲಿನಲ್ಲಿ ಪ್ರಾರ್ಥನೆಯಿಂದಲೇ ರೋಗ ವಾಸಿಮಾಡುವ ಮೂರು ದಿನಗಳ ಸ್ವಸ್ಥತಾ ಕೂಟ ನಡೆಯಿತು. ಎಲ್ಲಿಂದಲೋ ಬಂದ ಬೋಧಕರು, "ನಂಬಿಕೆ ಇದ್ದವರು ಕನ್ನಡಕ ತೆಗೆದು ವೇದಿಕೆಗೆ ತನ್ನಿ!" ಎಂದು ಅಬ್ಬರಿಸಿದರು. ವೇದಿಕೆಯ ಮೇಲೊಂದು ಪ್ಲಾಸ್ಟಿಕ್ ಬುಟ್ಟಿ ಸಿದ್ಧವಾಗಿತ್ತು. ಅದಕ್ಕೆ ಮೊದಲು ಬಿದ್ದದ್ದು ನಮ್ಮತ್ತೆಯ ದಪ್ಪಗಾಜಿನ ಕನ್ನಡಕ.

"ಏನು ಕಾಣ್ತೈತಿ ತಾಯಿ?"

"ಬೆಳಕು! ಬೆಳಕು ಕಾಣ್ತೈತಿ!"

ಕಾಣದೆ ಏನು? ಮೂರೇ ಅಡಿ ದೂರದಲ್ಲಿ ಹ್ಯಾಲೋಜನ್ ದೀಪವಿತ್ತು. ಆ ಬೆಳಕಿಗೆ ಗಿರಣಿಯ ಅಕ್ಕಿಮೂಟೆಗೂ ಕಣ್ಣು ಬರಬೇಕಿತ್ತು! ಬಯಲೆಲ್ಲ ಚಪ್ಪಾಳೆ. ಚಪ್ಪಾಳೆಯನ್ನು ತೃಪ್ತಿಯಿಂದ ಕೇಳುತ್ತಿದ್ದ ಬೋಧಕರ ಮೂಗಿನ ಮೇಲೆ ಚಿನ್ನದ ಅಂಚಿನ ಕನ್ನಡಕವೊಂದು ಥಳಥಳಿಸುತ್ತಿತ್ತು. ಅದನ್ನೇಕೆ ಯಾರೂ ಬುಟ್ಟಿಗೆ ಹಾಕಿಸಲಿಲ್ಲ?

ಮುಂದಿನ ಭಾನುವಾರ ಅತ್ತೆ ಸಭೆಯಲ್ಲಿ ಸಾಕ್ಷಿ ಹೇಳಿದಳು. ಆರಾಧನೆಯ ನಡುವೆ ಎದ್ದು ನಿಂತು, ದೇವರು ತನಗೆ ಮಾಡಿದ ಉಪಕಾರವನ್ನು ಎಲ್ಲರೆದುರು ಹೇಳುವುದು ನಮ್ಮಲ್ಲಿ ರೂಢಿ. ಪರೀಕ್ಷೆ ಪಾಸಾದದ್ದು, ಜ್ವರ ಬಿಟ್ಟದ್ದು, ಕಳೆದ ಬೀಗದಕೈ ಸಿಕ್ಕದ್ದು ಎಲ್ಲವೂ ಅಲ್ಲಿ ಬರುತ್ತವೆ. ಆದರೆ ಒಮ್ಮೆ ಹೇಳಿದ ಸಾಕ್ಷಿಯನ್ನು ವಾಪಸು ಪಡೆಯುವ ರೂಢಿ ಮಾತ್ರ ಇಲ್ಲ. ಹೀಗಾಗಿ, ಬೆಳಿಗ್ಗೆ ಹತ್ತೂವರೆಗೆ "ನನಗ ದೃಷ್ಟಿ ಬಂದೈತಿ" ಎಂದವಳು ಹನ್ನೆರಡಕ್ಕೆ ಹೊರಗೆ ಬಂದು, ಅಂಗಳದ ನೀಲಿ ನೀರಿನ ಡ್ರಮ್ಮಿಗೆ ಕೈಮುಗಿದು "ವಂದನೆ, ಅಯ್ಯನವರೇ" ಎಂದಳು. ಡ್ರಮ್ಮು ಸುಮ್ಮನಿತ್ತು.

"ನೋಡಿದ್ಯಾ, ಮಾತಾಡ್ಲಿಲ್ಲ. ಇತ್ತಿತ್ಲಾಗ ಅಯ್ಯನವರಿಗೆ ಸೊಕ್ಕು ಬಂದೈತಿ."

ನಮ್ಮ ಸಭಾಪಾಲಕರಾದ ಅಯ್ಯನವರಿಗೂ ಆ ಡ್ರಮ್ಮಿಗೂ ನಾನು ಕಂಡ ವ್ಯತ್ಯಾಸ ಒಂದೇ: ಡ್ರಮ್ಮಿನಿಂದ ಸಭೆಗೆ ಕುಡಿಯುವ ನೀರಾದರೂ ಸಿಗುತ್ತದೆ. ಟೀಚರಮ್ಮ ಗೋಡೆ ತಡವಿಕೊಂಡು ಓಡಾಡುತ್ತಿರುವುದನ್ನು ಅವರು ಪ್ರತಿ ವಾರ ನೋಡುತ್ತಿದ್ದರು. ಸಾಕ್ಷಿಯ ಸುದ್ದಿ ಹಬ್ಬಿ ಬೆಂಚುಗಳು ತುಂಬುತ್ತಿರುವುದನ್ನೂ ನೋಡುತ್ತಿದ್ದರು. ಎರಡನ್ನೂ ನೋಡಿ ಬಾಯಿ ಮುಚ್ಚಿಕೊಂಡಿದ್ದರು.

ಕುರುಗೋಡಿನ ಪ್ರಸಂಗವನ್ನಂತೂ ನಗದೆ ಹೇಳುವುದು ನನ್ನಿಂದಾಗದು, ಸಿಟ್ಟಾಗದೆ ಹೇಳುವುದೂ ಆಗದು. ಅಲ್ಲಿ ನಮ್ಮವರೊಬ್ಬರಿಗೆ ಕಾಲುನೋವು. ಮನೆಪ್ರಾರ್ಥನೆಗೆ ಹೋಗಿದ್ದೆವು. ನಾನು ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಕೊಳ್ಳುವಷ್ಟರಲ್ಲಿ ಅತ್ತೆ "ನನಗ ದಾರಿ ಕಾಣ್ತೈತಿ" ಎಂದು ಹೊರಟೇಬಿಟ್ಟಳು. ನಾನು ಓಡಿ ತಲುಪುವಾಗ ಆಕೆ ಪಕ್ಕದ ಮನೆಯ ಚಾಪೆಯ ಮೇಲೆ ಕೂತು, ಕಣ್ಣು ಮುಚ್ಚಿ, ಗಟ್ಟಿ ದನಿಯಲ್ಲಿ ಪ್ರಾರ್ಥಿಸುತ್ತಿದ್ದಳು. ಸುತ್ತ ಹಣೆತುಂಬ ವಿಭೂತಿ ಧರಿಸಿದ ಅಜ್ಜ, ಅವರ ಸೊಸೆ, ಮೊಮ್ಮಕ್ಕಳು. ಹಿರಿಯ ಹೆಂಗಸು ದೇವರೊಡನೆ ಮಾತಾಡುವಾಗ ಅಡ್ಡಬರಬಾರದೆಂಬ ಮರ್ಯಾದೆಗೆ ಅವರೂ ಕಣ್ಣು ಮುಚ್ಚಿದ್ದರು. ಪ್ರಾರ್ಥನೆಯಲ್ಲಿ ನಾವು ಕಣ್ಣು ಮುಚ್ಚುವವರಾದ್ದರಿಂದ ಅತ್ತೆಗೂ ಏನೂ ಅನುಮಾನ ಬರಲಿಲ್ಲ. ಅರ್ಧ ಗಂಟೆಯ ಬಳಿಕ "ಆಮೆನ್" ಬಂತು.

ಅಜ್ಜ ಕೈಮುಗಿದರು. "ಭಾಳ ಚಲೋ ಬೇಡಿಕೊಂಡ್ರಿ ತಾಯಿ. ಆದ್ರ ನಮ್ಮನ್ಯಾಗ ಯಾರಿಗೂ ಕಾಲುನೋವಿಲ್ರಿ."

ಅತ್ತೆ ಒಂದು ಗಳಿಗೆಯೂ ತಡಮಾಡಲಿಲ್ಲ. "ಇನ್ ಮ್ಯಾಲೂ ಬರಂಗಿಲ್ಲ ಬಿಡ್ರಿ!"

ಆ ಮನೆಯವರು ಮಂಡಕ್ಕಿ, ಮಿರ್ಚಿ, ಚಹಾ ಕೊಟ್ಟು ನಮ್ಮನ್ನು ಬೀಳ್ಕೊಟ್ಟರು. ಮರುದಿನ ನಾನು ಆಕೆಯನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಕಣ್ಣಿನ ಡಾಕ್ಟರ ಬಳಿಗೆ ಹೋದೆ. ಅವರ ಮಾತು ಸ್ಪಷ್ಟವಾಗಿತ್ತು: ಎರಡೂ ಕಣ್ಣಿಗೆ ಪೊರೆ ಬಲಿತಿದೆ. ಬಲಗಣ್ಣಿನ ಒತ್ತಡ ಏರುತ್ತಿದೆ. ಒಂದು ತಿಂಗಳೊಳಗೆ ಆಪರೇಶನ್ ಆಗದಿದ್ದರೆ ಒಳಗಿನ ನರ ಸಾಯುತ್ತದೆ. ಆಮೇಲೆ ಏನು ಮಾಡಿದರೂ ಕತ್ತಲೆಯೇ.

"ಒಲ್ಲೆ" ಎಂದಳು ಅತ್ತೆ.

"ಯಾಕತ್ತೆ? ಹೆದರಿಕಿ ಏನು?"

"ಸೂಜಿಗೆ ಹೆದರಾಕಿ ಅಲ್ಲ ನಾ. ದೇವರು ಕಣ್ಣು ಕೊಟ್ಟಾನ ಅಂತ ಸಭಿಯೊಳಗ ನಿಂತು ಹೇಳೀನಿ. ಈಗ ಹೋಗಿ ಆಪರೇಶನ್ ಮಾಡಿಸ್ಕೊಂಡ್ರ ದೇವರನ್ನ ಸುಳ್ಳ ಮಾಡಿದಂಗಾಗಲ್ಲೇನು?"

"ಕಾಣ್ತೈತೇನು ಮತ್ತ?"

"ನೀ ಪ್ರಶ್ನಿ ಕೇಳೋದು ಕಲತಿ. ಉತ್ತರ ಬರೂತನಕ ಸುಮ್ಮನ ಕೂಡೋದು ಕಲೀಲಿಲ್ಲ."

ಹೀಗೂ ಒಂದು ಭಕ್ತಿಯೇ? ತನ್ನ ಮಾತು ಸುಳ್ಳಾಗುವುದಕ್ಕಿಂತ ಕುರುಡಾಗುವುದೇ ಮೇಲೆಂದು ಗಣಿತದ ಟೀಚರೊಬ್ಬಳು ಲೆಕ್ಕ ಹಾಕುವಂತೆ ಮಾಡಿದವರು ಯಾರು? ಅವರನ್ನು ಕೇಳಿಯೇ ತೀರಬೇಕೆಂದು ಸಿರುಗುಪ್ಪದ ಬಸ್ಸು ಹತ್ತಿದೆ. ಬೋಧಕರು ಇರಲಿಲ್ಲ. ಬೇರೊಂದು ಊರಿನಲ್ಲಿ ಬುಟ್ಟಿ ತುಂಬಿಸುತ್ತಿದ್ದರಂತೆ. ಕೂಟದ ಸಂಚಾಲಕರು ಸಿಕ್ಕರು.

"ದೇವರು ಕೊಟ್ಟಿರ್ತಾನ್ರೀ. ನಂಬಿಕಿ ಕಡಿಮಿ ಆತಂದ್ರ ದೃಷ್ಟಿ ಹಿಂದಕ್ಕ ಹೋಗತೈತಿ."

"ಹಂಗಾದ್ರ ಕಂಡ್ರ ನಿಮ್ಮ ಪುಣ್ಯ, ಕಾಣದಿದ್ರ ನಮ್ಮತ್ತಿ ಪಾಪ?"

"ನೀವು ಭಾಳ ಓದೀರಿ ಅನಸತೈತಿ" ಎಂದರು ಅವರು, ಅದೂ ಒಂದು ರೋಗವೆಂಬಂತೆ.

ಅವರ ಬೋಧಕರ ಚಿನ್ನದಂಚಿನ ಕನ್ನಡಕದ ವಿಷಯ ಕೇಳಿದೆ. "ಅದು ಬಿಸಿಲಿಗೆ ಹಾಕ್ಕೊಳ್ಳೋದ್ರಿ." ಸಂಜೆ ಏಳರ ಬಿಸಿಲಿಗೆ! ಯಾವ ಅಂಗಡಿಯವನೂ ಇಷ್ಟು ಭಂಡತನದಿಂದ ಮಾಲು ಮಾರುವುದಿಲ್ಲ. ಕೆಟ್ಟರೆ ಬದಲಾಯಿಸಿಯಾದರೂ ಕೊಡುತ್ತಾನೆ. ಊರಿಗೆ ಬಂದವನೇ ನಮ್ಮ ಸಭಾ ಕಮಿಟಿಗೆ ಉತ್ತರ ಬೇಡಿ ಪತ್ರ ಬರೆದೆ. ಕಮಿಟಿ ತುರ್ತಾಗಿ ಸೇರಿ, ಗಂಭೀರವಾಗಿ ಚರ್ಚಿಸಿ, ಉಪಕಮಿಟಿಯೊಂದನ್ನು ನೇಮಿಸಿತು. ತಿಂಗಳಲ್ಲಿ ಎರಡು ವಾರ ಹೀಗೆ ಕಳೆದವು.

ಮೂರನೆಯ ವಾರ, ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ದುಡಿಯುವ ನಮ್ಮ ಸಭೆಯ ಹೆಂಗಸೊಬ್ಬಳು ಮನೆಗೆ ಬಂದಳು. ಕೈಗೆ ಬ್ಯಾಂಡೇಜು, ಮುಖದಲ್ಲಿ ಸಂತೋಷ.

"ಟೀಚರಮ್ಮ, ನಿಮ್ಮ ಸಾಕ್ಷಿ ಕೇಳಿದ ದಿನಾನ ನಾನೂ ಕನ್ನಡಕ ತೆಗೆದಿಟ್ಟೀನ್ರಿ. ಆದ್ರ ನನ್ನ ನಂಬಿಕಿ ಇನ್ನೂ ಸಾಲದು ಅನಸತೈತಿ. ನಿಮಗ ಎಷ್ಟು ದಿನಕ್ಕ ಪೂರಾ ಕಂಡಿತ್ರಿ?"

ಅತ್ತೆ ಕೈ ಚಾಚಿದಳು. "ಕೈ ಕೊಡು." ಕೈಗೆ ಕೈ ಸಿಕ್ಕಿತು. ಆಕೆಯ ಬೆರಳುಗಳು ಬಟ್ಟೆ ಸುತ್ತಿದ ಆ ತೋರುಬೆರಳನ್ನು ಬುಡದಿಂದ ತುದಿಯವರೆಗೆ ನಿಧಾನವಾಗಿ ಓದಿದವು. "ಇದೇನಿದು?"

"ಸೂಜಿ ಉಗುರೊಳಗ ಹಾದು ಹೋತ್ರಿ. ಜೀನ್ಸ್ ಬಟ್ಟಿ ದಪ್ಪ ನೋಡ್ರಿ, ಸೂಜೀನೂ ದಪ್ಪ."

ಆಕೆ ನಗುತ್ತಲೇ ಹೇಳಿದಳು. ಅತ್ತೆ ನಗಲಿಲ್ಲ. ಆ ಕೈಯನ್ನು ಬಹಳ ಹೊತ್ತು ಬಿಡಲೂ ಇಲ್ಲ.

ಭಾನುವಾರ ನಾನು ನಾಲ್ಕು ಪುಟಗಳ ಪ್ರಶ್ನೆಗಳೊಂದಿಗೆ ಆರಾಧನೆಗೆ ಹೋದೆ. ಸಿರುಗುಪ್ಪದ ಬುಟ್ಟಿ, ಅಯ್ಯನವರ ಮೌನ, ಉಪಕಮಿಟಿ ಒಂದನ್ನೂ ಬಿಟ್ಟಿರಲಿಲ್ಲ. ಸಾಕ್ಷಿಯ ಸಮಯ ಬಂದೊಡನೆ ಎದ್ದು ನಿಂತೆ. ಅಂಗಿಯ ತುದಿ ಹಿಡಿದು ಯಾರೋ ಕೆಳಕ್ಕೆಳೆದರು.

"ಕುಂದ್ರಲೇ. ತಪ್ಪು ಮಾಡಿದಾಕಿಗೆ ಇನ್ನೂ ಬಾಯಿ ಐತಿ."

ಅತ್ತೆ ಎದ್ದಳು. ತುಂಬಿದ ಬೆಂಚುಗಳು ಮತ್ತೊಂದು ಅದ್ಭುತಕ್ಕೆ ಕಿವಿಗೊಟ್ಟವು.

"ಸಭೆಗೆ ವಂದನೆ. ನನಗ ಕಣ್ಣು ಕಾಣಂಗಿಲ್ಲ. ಸಿರುಗುಪ್ಪದಾಗೂ ಕಂಡಿರಲಿಲ್ಲ. ಕಂಡದ್ದು ಲೈಟು, ನಾ ಅದನ್ನ ದೇವರು ಅಂದೆ. ಮರುದಿನಾನ ಗೊತ್ತಾತು. ಬಾಯಿ ಬಿಡಲಿಲ್ಲ. ದೇವರ ಮಾನ ಕಾಯಾಕತ್ತೀನಿ ಅಂದ್ಕೊಂಡಿದ್ದೆ. ಕಾಯ್ದದ್ದು ನನ್ನ ಮಾನ. ನನ್ನ ಮಾತು ನಂಬಿ ಒಬ್ಬಾಕಿ ಬೆರಳಿಗೆ ಸೂಜಿ ಚುಚ್ಚಿಸ್ಕೊಂಡಾಳ. ಆ ಬೆರಳು ಮುಟ್ಟಿದಾಗ ನನಗ ಖರೇನ ಕಂಡಿತು. ಮುಂದಿರೋರ ನೋವು ಕಾಣಲಿಲ್ಲಂದ್ರ ಅದೆಂಥಾ ಒಳಗಣ್ಣು? ನಿನ್ನಿ ನಾನ ಡಾಕ್ಟರಿಗೆ ಫೋನ್ ಮಾಡೀನಿ, ಬುಧವಾರ ಆಪರೇಶನ್ ಐತಿ. ನಾ ತಡಾ ಮಾಡಿದ್ದಕ್ಕ ಬಲಗಣ್ಣು ಉಳಿಯೋದು ಕಷ್ಟ ಅಂದಾರ. ಪ್ರಾರ್ಥನಿ ಮಾಡ್ರಿ. ಕನ್ನಡಕ ಇದ್ದೋರು ಕನ್ನಡಕ ಹಾಕ್ಕೊಂಡು ಮಾಡ್ರಿ."

ಅಯ್ಯನವರು ಕೆಮ್ಮಿ, ಕಾರ್ಯಕ್ರಮದಲ್ಲಿಲ್ಲದ ಕೀರ್ತನೆಯೊಂದನ್ನು ಅವಸರದಿಂದ ಹಾಡಿಸಿದರು. ನನ್ನ ನಾಲ್ಕು ಪುಟಗಳು ಇನ್ನೂ ಜೇಬಿನಲ್ಲಿವೆ. ಅವರನ್ನೂ ಸಿರುಗುಪ್ಪದವರನ್ನೂ ನಾನು ಬಿಡುವವನಲ್ಲ. ಉತ್ತರ ಕೊಡಬೇಕಾದವರು ಅನೇಕರಿದ್ದರು. ಎದ್ದು ನಿಂತು ಉತ್ತರ ಕೊಟ್ಟವಳು ಕಣ್ಣು ಕಾಣದ ಈಕೆ ಒಬ್ಬಳೇ.

ಆರಾಧನೆ ಮುಗಿದಾಗ ಜನ ಆಕೆಯನ್ನು ದೂರದಿಂದಲೇ ಸುತ್ತಿಕೊಂಡು ಹೋದರು. ಕೆಲವರು ಮುಖ ತಿರುಗಿಸಿದರು. ಜೀನ್ಸ್ ಹೊಲಿಯುವವಳು ಮಾತ್ರ ಬಂದು ಎದುರು ನಿಂತಳು.

"ಕನ್ನಡಕ ತಂದೀ ಏನು?" ಎಂದಳು ಅತ್ತೆ.

ಆಕೆ ಚೀಲದಿಂದ ತೆಗೆದು ಕೊಟ್ಟಳು. ಅತ್ತೆ ಅದನ್ನು ತನ್ನ ಸೆರಗಿನಿಂದ ಒರೆಸಿದಳು. ತಡವುತ್ತ ಆಕೆಯ ಕೆನ್ನೆ ಹುಡುಕಿದಳು, ಕಿವಿ ಹುಡುಕಿದಳು. ಒಮ್ಮೆ ತಪ್ಪಿತು, ಎರಡನೆಯ ಸಲಕ್ಕೆ ಕೂತಿತು.

"ಈಗ ಕಾಣ್ತೈತೇನವ್ವಾ?"

"ಕಾಣ್ತೈತ್ರಿ ಟೀಚರಮ್ಮ" ಎಂದಳಾಕೆ. "ನೀವು ಅಳಾಕತ್ತೀರಿ."