ಡಾಕ್ಟರಿಗೆ ಪ್ರಶ್ನೆ, ನನಗೆ ಬಸ್ಸು

ನಮ್ಮ ದೊಡ್ಡ ಡಾಕ್ಟರಿಗೆ ಒಂದು ಪ್ರಶ್ನೆ ಹುಟ್ಟಿತೆಂದರೆ ನಾನು ಬಸ್ಸು ಹತ್ತಬೇಕು; ನಾನು ಬಸ್ಸು ಹತ್ತಿದೆನೆಂದರೆ ಸಂಜೆಯೊಳಗೆ ಎಲ್ಲಾದರೊಂದು ಕಡೆ ನಗುವಂಥದ್ದು ನಡೆದೇ ತೀರುತ್ತದೆ.

ಕೊಯಮತ್ತೂರಿನ ಒಂದು ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ನನ್ನ ಕೆಲಸ. ಮಗ್ಗದ ಸದ್ದಿಗೆ ಕಿವಿ ಏನಾಗುತ್ತದೆ, ಫೌಂಡ್ರಿ ದೂಳಿಗೆ ಶ್ವಾಸಕೋಶ ಏನಾಗುತ್ತದೆ, ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ನಮ್ಮನ್ನು ಹೇಗೆ ಆಡಿಸುತ್ತವೆ ಎಂದೆಲ್ಲ ಡಾಕ್ಟರು ಯೋಚಿಸುತ್ತಾರೆ. ಆ ಕಿವಿ, ಶ್ವಾಸಕೋಶ, ಹೊಟ್ಟೆಗಳ ಒಡೆಯರನ್ನು ಹುಡುಕಿ, ಒಪ್ಪಿಸಿ, ಪರೀಕ್ಷೆಗೆ ಕೂರಿಸುವುದು ನಾನು. ಹಾವೇರಿ ಕಡೆಯಿಂದ ಮದುವೆಯಾಗಿ ಬಂದ ನನಗೆ ಈ ಕೆಲಸ ಸಿಕ್ಕಿದ್ದೇ ಕನ್ನಡ ಬರುತ್ತದೆ ಎಂಬ ಕಾರಣಕ್ಕೆ. ಸೋಮನೂರಿನ ಸುತ್ತ ತಲೆತಲಾಂತರದಿಂದ ನೇಯ್ಗೆ ಮಾಡಿಕೊಂಡು, ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು ಆಡುವ ಕುಟುಂಬಗಳಿವೆ. "ಅವರ ಹತ್ತಿರ ಅವರ ಭಾಷೆಯಲ್ಲೇ ಮಾತಾಡಿ," ಅಂದರು ಡಾಕ್ಟರು. ಅವರ ಕನ್ನಡವೇ ಬೇರೆ, ನನ್ನ ಕನ್ನಡವೇ ಬೇರೆ ಎಂಬುದು ಆಗ ಡಾಕ್ಟರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಪಾರಾಯಣ

ಮೊದಲು ಹೋದದ್ದು ಒಬ್ಬ ಅಜ್ಜಿಯ ಮನೆಗೆ. ಹಿಂದಿನ ಶೆಡ್ಡಿನಲ್ಲಿ ಮಗ ಪವರ್‌ಲೂಮ್ ಓಡಿಸುತ್ತಿದ್ದ, ಸೊಸೆ ಒಲೆ ಮುಂದೆ ಇದ್ದಳು. ಅಜ್ಜಿ ಜಗಲಿಯ ಮೇಲೆ ಕೂತು ವೀಳ್ಯ ಮೆಲ್ಲುತ್ತಿದ್ದರು. ಜೀವಮಾನವಿಡೀ ಮಗ್ಗದ ಸದ್ದಿನಲ್ಲಿ ಬದುಕಿದ ಅವರ ಕಿವಿಯನ್ನು ನಾವು ಪರೀಕ್ಷಿಸಬೇಕಿತ್ತು. ಅದಕ್ಕೆ ಮೊದಲು ಒಪ್ಪಿಗೆ ಪತ್ರ ಓದಿಸಿ ಸಹಿ ಹಾಕಿಸಬೇಕೆಂಬುದು ನಿಯಮ. ಪತ್ರವನ್ನು ಯಾರೋ ಪಂಡಿತರು ಕನ್ನಡಕ್ಕೆ ತಂದಿದ್ದರು. ಅಜ್ಜಿ ಅದನ್ನು ಕೈಗೆ ತೆಗೆದುಕೊಂಡು ಒಂದು ಸಲ ನೇರ ಹಿಡಿದರು, ಒಂದು ಸಲ ತಲೆಕೆಳಗೆ ಹಿಡಿದರು.

"ನಮ್ಮ ಪಾಷೆಗೆ ಎಳುತ್ತು ಬೇರೆ ಇದೆಯಾ? ನಾನು ನೋಡ್ದೇ ಇಲ್ಲ ಕಣ್ಣು. ನೀನೇ ಓದು."

ಎಳುತ್ತು ಅಂದರೆ ಅಕ್ಷರ; ಕಣ್ಣು ಅಂದದ್ದು ನನ್ನನ್ನೇ, ಮುದ್ದಿಗೆ. ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. "ಸದರಿ ಅಧ್ಯಯನದಲ್ಲಿ ಭಾಗವಹಿಸುವಿಕೆಯು ಸಂಪೂರ್ಣ ಸ್ವಯಂಪ್ರೇರಿತವಾಗಿದ್ದು, ಯಾವುದೇ ಹಂತದಲ್ಲಿ ಕಾರಣ ನೀಡದೆಯೇ ಹಿಂದೆ ಸರಿಯುವ ಹಕ್ಕನ್ನು ತಾವು ಹೊಂದಿರುತ್ತೀರಿ..."

ಅಜ್ಜಿ ವೀಳ್ಯ ಉಗುಳಿ ಬಂದರು. ತಲೆಯ ಮೇಲೆ ಸೆರಗು ಹೊದ್ದು ಕಣ್ಣು ಮುಚ್ಚಿ ಕೂತರು. ಏಕಾಗ್ರತೆ ಅಂದರೆ ಇದು ಎಂದು ನನಗೂ ಹುರುಪು ಬಂತು, ದನಿ ಏರಿಸಿದೆ. ಸೊಸೆ ಕೈ ಒರೆಸಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಒಳಗಿನ ಮಗ್ಗ ನಿಂತಿತು. ಮಗ ಚಪ್ಪಲಿ ಬಿಟ್ಟು ಬಂದು ಕೈಮುಗಿದು ನಿಂತ. ನಾನು "ಗೌಪ್ಯತೆಯನ್ನು ಕಾಪಾಡಲಾಗುವುದು" ಎಂದು ಮುಗಿಸಿದ್ದೇ ತಡ, ಅಜ್ಜಿ ನನ್ನ ಮುಂದೆ ಹಣೆ ಬಗ್ಗಿಸಿದರು.

"ಮಂತ್ರ ತುಂಬಾ ಚೆಂದ ಹೇಳ್ದೆ ಕಣ್ಣು. ತಿರುನೀರು ಹಚ್ಚು."

ನನ್ನ ಚೀಲದಲ್ಲಿ ವಿಭೂತಿ ಎಲ್ಲಿಂದ ಬರಬೇಕು? ಕಾಗದ ಪಕ್ಕಕ್ಕಿಟ್ಟು ಅವರಂತೆಯೇ ಹೇಳಿದೆ. "ಅಜ್ಜಿ, ನಿಮ್ಮ ಕಿವಿ ಕೇಳ್ತದಾ ಅಂತ ನೋಡ್ತೀವಿ. ನೋವಾಗಲ್ಲ. ಬೇಡ ಅಂದ್ರೆ ಬೇಡ ಅನ್ನಿ, ಯಾವಾಗ ಬೇಕಾದ್ರೂ ಅನ್ನಿ, ಯಾರೂ ಕೋಪ ಮಾಡ್ಕೊಳ್ಳಲ್ಲ."

ಅಜ್ಜಿ ಮಗನ ಮುಖ ನೋಡಿದರು, ಸೊಸೆಯ ಮುಖ ನೋಡಿದರು, ಆಮೇಲೆ ನನ್ನ ಮುಖ.

"ಇಷ್ಟು ತಾನೆ? ಇದುಕ್ಕಾ ಅಷ್ಟು ದೊಡ್ಡ ಪೂಜೆ?"

ಬಾಯಿ ಮುಚ್ಚಿಕೊಂಡರೆ ಕೇಳುವುದು ಹೇಗೆ

ಅದೇ ಬೀದಿಯ ಒಬ್ಬ ಹಿರಿಯ ನೇಕಾರರು ಪರೀಕ್ಷೆಗೆ ಬಂದರು, ಜೊತೆಗೆ ಅವರ ಹೆಂಡತಿ. ಕಿವಿ ಪರೀಕ್ಷೆ ಮಾಡುವ ನಮ್ಮ ಹುಡುಗಿ ಮೊದಲು ಹೆಡ್‌ಫೋನ್ ಹಾಕಿ ಸಣ್ಣ ಸಣ್ಣ ಸದ್ದು ಕೇಳಿಸಿದಳು. ಕೇಳಿದಾಗ ಬಟನ್ ಒತ್ತಬೇಕು. ನೇಕಾರರು ಬಟನ್ ಮೇಲೆ ಹೆಬ್ಬೆರಳಿಟ್ಟುಕೊಂಡು ಶಿಲೆಯಂತೆ ಕೂತರು. ಒಂದೂ ಕೇಳಲಿಲ್ಲ. ಅಯ್ಯೋ ಪಾಪ ಅಂದುಕೊಂಡೆವು.

ಆಮೇಲೆ ಎದುರು ಕೂತು ಪದಗಳ ಪರೀಕ್ಷೆ. ಅವಳು ಮೆಲ್ಲಗೆ ಒಂದೊಂದೇ ಪದ ಹೇಳುವುದು, ಇವರು ತಿರುಗಿ ಹೇಳುವುದು. ಒಂದೂ ತಪ್ಪಲಿಲ್ಲ! ಅವಳು ದನಿ ಇನ್ನೂ ತಗ್ಗಿಸಿದಳು, ಪಿಸುಗುಟ್ಟಿದಳು. ಪಕ್ಕದಲ್ಲಿದ್ದ ನನಗೇ ಕೇಳಿಸಲಿಲ್ಲ, ಅವರು ಮಾತ್ರ ಟಕ್ಕಂತ ಹೇಳಿದರು. ಹೆಡ್‌ಫೋನ್ ಕೆಟ್ಟಿದೆಯೆಂದು ಅದನ್ನು ಎರಡು ಸಲ ಬದಲಾಯಿಸಿದ್ದಾಯಿತು. ಕೊನೆಗೆ ಅವಳಿಗೆ ಏನೋ ಹೊಳೆದು, ಒಂದು ಫೈಲನ್ನು ಬಾಯಿಗೆ ಅಡ್ಡ ಹಿಡಿದು ಜೋರಾಗಿಯೇ ಒಂದು ಪದ ಹೇಳಿದಳು. ನೇಕಾರರು ಸುಮ್ಮನೆ ಕೂತರು. ಇನ್ನೊಂದು ಪದ. ಸುಮ್ಮನೆ.

"ಯಾಕೆ ಅಣ್ಣ, ಹೇಳ್ತಿಲ್ಲ?" ಅಂತ ನಾನು ಕೇಳಿದೆ.

"ಆ ಅಮ್ಮ ಬಾಯಿ ಮುಚ್ಕೊಂಡ್ರೆ ನಾನು ಹೆಂಗಮ್ಮ ಕೇಳೋದು?"

ಮಗ್ಗಗಳು ಓಡುವಾಗ ಶೆಡ್ಡಿನಲ್ಲಿ ಯಾರ ಮಾತೂ ಯಾರ ಕಿವಿಗೂ ಬೀಳುವುದಿಲ್ಲ. ಅಲ್ಲಿ ಎಲ್ಲರೂ ತುಟಿ ನೋಡಿಯೇ ಮಾತಾಡುವವರು. ಕಿವಿ ಯಾವಾಗ ಕೈಕೊಟ್ಟಿತೋ ಅವರಿಗೇ ಗೊತ್ತಾಗಿರಲಿಲ್ಲ. "ಕರೋನಾ ಟೈಮಲ್ಲಿ ಎಲ್ಲಾ ಮಾಸ್ಕ್ ಹಾಕ್ಕೊಂಡ್ರಲ್ಲ, ಊರಿಗೆ ಊರೇ ಮಾತು ಬರದ ಊಮೆ ಆಗೋಯ್ತು ಅಂದ್ಕೊಂಡೆ," ಅಂದರು.

ಅವರಿಗೆ ಶ್ರವಣ ಯಂತ್ರ ಕೂರಿಸಿದೆವು. ಹೊರಗೆ ಮರದ ಮೇಲೆ ಕಾಗೆ ಕೂಗಿದ್ದು ಕೇಳಿ ಆ ದೊಡ್ಡ ಮನುಷ್ಯ ಮಗುವಿನಂತೆ ನಕ್ಕರು. ನಮಗೆಲ್ಲ ಕಣ್ಣು ಒದ್ದೆಯಾಯಿತು. ಹೆಂಡತಿ ಮಾತ್ರ ನನ್ನನ್ನು ಮೂಲೆಗೆ ಕರೆದರು.

"ಮಾಸ್ಕ್ ಹಾಕ್ಕೊಂಡು ಅವರ ಎದುರಲ್ಲೇ ನಿಂತು ಹೊಟ್ಟೆ ತುಂಬಾ ಬೈತಿದ್ದೆ ಕಣಮ್ಮ. ಎಷ್ಟು ನೆಮ್ಮದಿಯಾಗಿತ್ತು. ಈಗ ಆ ಮಾಸ್ಕೂ ವೇಸ್ಟ್ ಮಾಡ್ಬಿಟ್ರಲ್ಲ!"

ತೂತಿಲ್ಲದ ವಾದ್ಯ

ಕುರಿಚಿಯ ಒಂದು ಫೌಂಡ್ರಿಯಲ್ಲಿ ಶ್ವಾಸಕೋಶದ ಪರೀಕ್ಷೆ ನಡೆಯುತ್ತಿತ್ತು. ಎದೆ ತುಂಬ ಉಸಿರೆಳೆದುಕೊಂಡು ಒಂದು ಕೊಳವೆಯೊಳಗೆ ಊದಬೇಕು. ಎಷ್ಟು ಜೋರು, ಎಷ್ಟು ಹೊತ್ತು ಎಂದು ಯಂತ್ರ ಗೆರೆ ಎಳೆದು ತೋರಿಸುತ್ತದೆ. ಊದುವ ಕೊಳವೆ ಕಂಡ ಕೂಡಲೇ ಅರ್ಧ ಜನ ಇದು ಕುಡುಕರನ್ನು ಹಿಡಿಯುವ ಯಂತ್ರವೆಂದು ಏಲಕ್ಕಿ ಅಗಿದುಕೊಂಡು ಬಂದಿದ್ದರು. ಪರೀಕ್ಷೆಯ ಕೋಣೆ ಪಾಯಸದಂತೆ ಘಮಘಮಿಸುತ್ತಿತ್ತು.

ಮರಳಿನ ಅಚ್ಚು ಕಟ್ಟುವ ಒಬ್ಬ ಕೆಲಸಗಾರನ ಹೆಸರು ಕೂಗಿದೆವು. ದುಂಡು ಮುಖದ, ಹೊಳೆಯುವ ಮೈಯ ಒಬ್ಬರು ಬಂದರು. ಮೂಗಿಗೆ ಕ್ಲಿಪ್ಪು ಹಾಕಿ, "ಊದಿ" ಅಂದೆವು. ಊದಿದರು. ಗೆರೆ ಏರಿತು, ಮತ್ತೂ ಏರಿತು, ಆಮೇಲೆ ಪರದೆಯ ಅಂಚಿನವರೆಗೆ ಹೋಯಿತು. ಅವರು ಇನ್ನೂ ಊದುತ್ತಲೇ ಇದ್ದರು. ದೊಡ್ಡ ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. ಇಷ್ಟು ವರ್ಷ ದೂಳು ಕುಡಿದವನಿಗೆ ಇಂಥ ಶ್ವಾಸಕೋಶವೇ! ಇದನ್ನು ಜಗತ್ತಿಗೆ ತಿಳಿಸಬೇಕು ಎಂಬ ಉತ್ಸಾಹದಲ್ಲಿ, "ಇನ್ನೊಂದು ಸಲ, ಇನ್ನೊಂದು ಸಲ" ಅನ್ನುತ್ತಾ ಅವರ ಸುತ್ತ ತಿರುಗತೊಡಗಿದರು. ಹಾಗೆ ತಿರುಗುವಾಗ ಕಂಡದ್ದು ಅವರ ಕೈ. ಕೊಳವೆಯ ಮೇಲೆ ಹತ್ತೂ ಬೆರಳು ತಮ್ಮ ಪಾಡಿಗೆ ತಾವು ಕುಣಿಯುತ್ತಿದ್ದವು.

"ನಿಮಗೇನು ಕೆಲಸ?" ಅಂದರು ಡಾಕ್ಟರು.

ಅವರು ಊದುವುದು ನಿಲ್ಲಿಸಿ, ನಾಚಿಕೊಂಡು, "ನಾದಸ್ವರ ನುಡಿಸೋದು ಸಾರ್," ಅಂದರು.

ನಿಜವಾದ ಕೆಲಸಗಾರ ನೀರಿನ ಟ್ಯಾಂಕಿನ ಹಿಂದೆ ನಿಂತು ಕೆಮ್ಮುತ್ತಿದ್ದ. ಎದೆ ಸರಿಯಿಲ್ಲ ಅಂತ ತಿಳಿದರೆ ಯಜಮಾನರು ಕೆಲಸದಿಂದ ತೆಗೆಯುತ್ತಾರೆಂದು ಹೆದರಿ ತನ್ನ ಭಾವನನ್ನು ಕಳಿಸಿದ್ದ. ಡಾಕ್ಟರು ಬೈಯಲಿಲ್ಲ. ಟ್ಯಾಂಕಿನ ಹತ್ತಿರ ತಾವೇ ಹೋಗಿ, ಈ ವಿಷಯ ನಿನಗೂ ನನಗೂ ಬಿಟ್ಟರೆ ಮೂರನೆಯವರಿಗೆ ಹೋಗುವುದಿಲ್ಲ ಎಂದು ಹೇಳಿ ಕರೆತಂದರು. ಅವನು ಊದಿದ, ಗೆರೆ ಸ್ವಲ್ಪ ಏರಿ ಕೂತುಬಿಟ್ಟಿತು. ಸಕಾಲದಲ್ಲಿ ಗೊತ್ತಾಯಿತು ಅಂದರು ಡಾಕ್ಟರು. ಔಷಧ ಶುರುವಾಯಿತು, ಒಳ್ಳೆಯ ಮಾಸ್ಕ್ ಬಂತು, ಕೆಲಸವೂ ಉಳಿಯಿತು. ಈಗ ಅವನು ರಸ್ತೆಯಲ್ಲಿ ಸಿಕ್ಕರೆ ದೂರದಿಂದಲೇ ಕೆನ್ನೆ ಉಬ್ಬಿಸಿ ತೋರಿಸುತ್ತಾನೆ.

ಅವತ್ತು ಹೊರಡುವಾಗ ಭಾವ ಆ ಕೊಳವೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸು ಕೊಟ್ಟರು.

"ಉಸಿರೇನೋ ಚೆನ್ನಾಗಿ ಹೋಗ್ತದೆ ಸಾರ್. ಆದರೆ ಒಂದು ತೂತೂ ಇಲ್ಲ. ಇದರಲ್ಲಿ ರಾಗ ಹಿಡಿಯೋದು ಕಷ್ಟ."

ಆನೆ ಬಂದ ಹೊತ್ತು

ವಾಲ್ಪಾರೈ ಬಸ್ಸಿನಲ್ಲಿ ಘಾಟಿಯ ತಿರುವುಗಳನ್ನೆಲ್ಲ ಕಣ್ಣು ಮುಚ್ಚಿಕೊಂಡೇ ಹತ್ತಿ, ಟೀ ತೋಟದ ಒಬ್ಬ ಹೆಂಗಸಿನ ತೋಳಿಗೆ ರಕ್ತದೊತ್ತಡ ಅಳೆಯುವ ಪಟ್ಟಿ ಕಟ್ಟಿ ಬಂದೆ. ಮರುದಿನವಿಡೀ ಅದು ಆಗಾಗ ತಾನೇ ಬಿಗಿದು, ಅಳೆದು, ಬರೆದಿಟ್ಟುಕೊಳ್ಳುತ್ತದೆ. ಅದರ ಮಾರನೆಯ ದಿನ ಯಂತ್ರ ತಂದು ನೋಡಿದರೆ ಎಲ್ಲ ಚೆನ್ನಾಗಿದೆ, ಆದರೆ ಒಂದು ಕಡೆ ಮಾತ್ರ ಒತ್ತಡ ಬೆಟ್ಟದಂತೆ ಎದ್ದು ನಿಂತಿದೆ. ಡಾಕ್ಟರು ಗಾಬರಿಯಾಗಿ ಫೋನು ಹಾಕಿಸಿ ತಾವೇ ಕೇಳಿದರು.

"ಅಕ್ಕಾ, ನಿನ್ನೆ ಏನಾದರೂ ಹೆದರುವಂಥದ್ದು ಆಯಿತಾ?"

"ಆನೆ ಬಂತಲ್ಲ! ಲೈನ್ ಮನೆಗಳ ಹಿಂದೆನೇ ಬಂತು. ನಮ್ಮ ಬಾಳೆಗಿಡ ಎಲ್ಲ ಕಿತ್ತು ತಿಂದು ಹೋಯ್ತು."

ಡಾಕ್ಟರು ಸಮಾಧಾನದಿಂದ ತಲೆಯಾಡಿಸಿದರು. ಕಾರಣ ಸಿಕ್ಕಿತಲ್ಲ. "ಮಧ್ಯಾಹ್ನದ ಮೇಲೆ, ಐದು ಗಂಟೆ ಹೊತ್ತಿಗೆ ತಾನೆ?"

"ಇಲ್ಲ ಸಾರ್, ಆನೆ ಬಂದದ್ದು ಬೆಳಿಗ್ಗೆ."

ಡಾಕ್ಟರು ಬೆಳಗಿನ ಅಳತೆಗಳನ್ನು ನೋಡಿದರು. ನಿದ್ದೆ ಮಾಡುವ ಮಗುವಿನ ಹಾಗಿದ್ದವು. "ಹಾಗಾದರೆ ಐದು ಗಂಟೆಗೆ ಏನಾಯಿತು?"

ಆ ಕಡೆಯಿಂದ ಒಂದು ನಿಟ್ಟುಸಿರು ಬಂತು. "ಐದು ಗಂಟೆಗೆ ಮಗನಿಗೆ ಭಾಗಾಕಾರ ಹೇಳಿಕೊಡ್ತಿದ್ದೆ."

ಭಾನುವಾರದ ಐಸ್ ಪೆಟ್ಟಿಗೆ

ಇದು ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳ ಅಧ್ಯಯನದ ಕಾಲದ್ದು. ಅದಕ್ಕೆ ಬೇಕಾದ್ದು ಮಲದ ಸ್ಯಾಂಪಲ್. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ದುಡಿಯುವವರ ಮನೆ ಮನೆಗೆ ಹೋಗಿ, ನಾಚಿಕೆ ಬಿಡಿಸಿ, ಕೈಕಾಲು ಹಿಡಿದು ಒಪ್ಪಿಸಿದ್ದೆ. ಭಾನುವಾರ ಅವರು ಮನೆಯಲ್ಲಿರುವ ದಿನ. ಡಬ್ಬಿಗಳನ್ನೆಲ್ಲ ಥರ್ಮಕೋಲ್ ಪೆಟ್ಟಿಗೆಯಲ್ಲಿ ಐಸ್ ನಡುವೆ ಜೋಡಿಸಿ ಟೇಪು ಸುತ್ತಿದೆ. ಮೇಲೆ ದಪ್ಪಕ್ಷರದಲ್ಲಿ "ಬೇಗ ಕೆಡುವ ವಸ್ತು, ತಣ್ಣಗಿಡಿ" ಎಂದು ತಮಿಳಿನಲ್ಲಿ ಚೀಟಿ, ಕೆಳಗೆ ನನ್ನ ಫೋನ್ ನಂಬರು. ಆಸ್ಪತ್ರೆಯ ಜೀಪು ಕೆಟ್ಟಿತ್ತು, ಬಸ್ಸಿಗೇ ಹತ್ತಿದೆ. ಪೆಟ್ಟಿಗೆಯನ್ನು ಹಿಂದಿನ ಬಾಗಿಲ ಹತ್ತಿರ ಇಟ್ಟು ಮುಂದೆ ಸೀಟು ಹಿಡಿದೆ. ಕೊಯಮತ್ತೂರಲ್ಲಿ ಇಳಿಯುವಾಗ ನೋಡಿದರೆ ಪೆಟ್ಟಿಗೆ ಇಲ್ಲ.

ಡಾಕ್ಟರ ಮುಂದೆ ಬರಿಗೈಯಲ್ಲಿ ನಿಂತೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಜನರನ್ನು ಇನ್ನೊಮ್ಮೆ ಕೇಳುವುದು ಹೇಗೆ, ಅವರು ಇನ್ನೊಮ್ಮೆ ಕೊಡುತ್ತಾರೆಯೇ? ತಿಂಗಳುಗಟ್ಟಲೆ ಪಟ್ಟ ಪಾಡು. ನನಗೆ ಅಳು ಬರುವುದರಲ್ಲಿತ್ತು, ಅಷ್ಟರಲ್ಲಿ ಫೋನು ಬಂತು.

"ಏನಮ್ಮಾ, ನೀವೆಲ್ಲ ಓದಿದವರಾ?" ಗಂಡಸಿನ ದನಿ, ಸಿಟ್ಟಿನಿಂದ ನಡುಗುತ್ತಿತ್ತು.

"ಯಾರು ಮಾತಾಡೋದು?"

"ಯಾರಾದರೇನು! ತಣ್ಣಗಿಡಿ ಅಂತ ಬರೆದಿದ್ದೀರಿ. ಬೇಗ ಕೆಡುತ್ತೆ ಅಂತ ಬರೆದಿದ್ದೀರಿ. ಇವತ್ತು ಭಾನುವಾರ. ಇದನ್ನ ನೋಡಿ ಒಬ್ಬ ಮನುಷ್ಯ ಏನಂತ ತಿಳ್ಕೋಬೇಕು? ಸಿಗಡಿ ಅಂತ ತಾನೆ? ಮನೆಯಲ್ಲಿ ಹೆಂಡತಿ ಮಸಾಲೆ ರುಬ್ಬಿಟ್ಟು ಕಾಯ್ತಾ ಇದ್ದಾಳೆ! ಹೀಗಾ ಮೋಸ ಮಾಡೋದು?"

ನಾನು ಬಾಯಿ ತೆರೆಯುವ ಮೊದಲೇ ಡಾಕ್ಟರು ಫೋನು ಕಿತ್ತುಕೊಂಡರು. "ರೀ, ಡಬ್ಬಿಗಳ ಮುಚ್ಚಳ ತೆಗೆದಿರಾ?"

"ಒಂದು ತೆಗೆದೆ ಸಾರ್." ದನಿ ಮೆತ್ತಗಾಯಿತು. "ಸಾರ್, ನೀವು ಪೊಲೀಸಾ?"

"ಪೊಲೀಸ್ ಮಾತು ಬಿಡಿ, ಒಳಗೆ ಐಸ್ ಇದೆಯಾ?"

"ಕರಗ್ತಾ ಇದೆ ಸಾರ್."

"ಅಯ್ಯೋ, ಕರಗೋದಕ್ಕೆ ಬಿಡಬೇಡಿ! ಎಷ್ಟು ಅಮೂಲ್ಯವಾದ್ದು ಗೊತ್ತೇನ್ರೀ ಅದು?"

ಆ ಕಡೆ ಪೆಟ್ಟಿಗೆಯ ಮುಚ್ಚಳ ಕಿರುಗುಟ್ಟಿದ ಸದ್ದು. ಆಮೇಲೆ, "ಯಾವುದು ಸಾರ್, ಇದಾ?"

ಡಾಕ್ಟರು ಬೇಡಿಕೊಂಡರು. ದೂರು ಕೊಡುವುದಿಲ್ಲ ಅಂದರು, ದೇವರಂಥ ಮನುಷ್ಯ ಅಂದರು. ಸ್ವಲ್ಪ ಹೊತ್ತಿಗೆ ಆಸ್ಪತ್ರೆಯ ಮುಂದೆ ಒಂದು ಆಟೋ ನಿಂತಿತು. ಮಧ್ಯವಯಸ್ಸಿನ, ಸಣಕಲು ಮನುಷ್ಯ ಪೆಟ್ಟಿಗೆಯನ್ನು ಎರಡೂ ಕೈಯಿಂದ ಮುಂದಕ್ಕೆ ಚಾಚಿ ಹಿಡಿದು, ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡು ನಡೆದು ಬಂದ. ಮೀನಿನ ಅಂಗಡಿಯಿಂದ ಹೊಸ ಐಸ್ ತುಂಬಿಸಿದ್ದ. ತೆರೆದ ಒಂದು ಡಬ್ಬಿ ಬಿಟ್ಟರೆ ಎಲ್ಲ ಸುರಕ್ಷಿತ. ಡಾಕ್ಟರು ಸಂತೋಷಕ್ಕೆ ಅವನ ಕೈ ಕುಲುಕಲು ಹೋದರು. "ತೊಳ್ಕೊಂಡು ಬರ್ತೀನಿ ಸಾರ್," ಅಂತ ಅವನೇ ಹಿಂದೆ ಸರಿದ.

ಕೈ ತೊಳೆದು ಬಂದವನನ್ನು ಕೂರಿಸಿ ಡಾಕ್ಟರು ಪಾಠ ಶುರು ಮಾಡಿದರು. ಹೊಟ್ಟೆಯೊಳಗೆ ಕೋಟಿ ಕೋಟಿ ಜೀವಿಗಳು ಸಂಸಾರ ಮಾಡಿಕೊಂಡಿವೆ, ನಾವು ತಿಂದದ್ದರಲ್ಲಿ ಅವಕ್ಕೂ ಪಾಲು, ನಮ್ಮ ಆರೋಗ್ಯಕ್ಕೂ ಅವಕ್ಕೂ ಇರುವ ನಂಟನ್ನು ಈಗೀಗ ಅರಿಯುತ್ತಿದ್ದೇವೆ ಎಂದೆಲ್ಲ ಕೈ ಬೀಸಿ ಬೀಸಿ ಹೇಳಿದರು. ಅವನು ಚಹಾ ಮರೆತು ಕೇಳಿದ. ಮೊದಲು ಬನಿಯನ್ ಕಂಪನಿಯಲ್ಲೇ ಇದ್ದನಂತೆ. ಹೊಟ್ಟೆನೋವು ಬಿಡದೆ ಕಾಡಿ, ಕೆಲಸ ತಪ್ಪಿ, ಬಸ್ಸುಗಳಲ್ಲಿ ಕಂಡವರ ಸಾಮಾನು ಎತ್ತುವುದಕ್ಕೆ ಇಳಿದವನು. ಕೊನೆಗೆ ಮೆಲ್ಲಗೆ ಅಂದ:

"ಊರವರದ್ದೆಲ್ಲಾ ಇಷ್ಟು ಆಸೆಯಿಂದ ತಗೋತೀರಿ. ನನ್ನ ಹೊಟ್ಟೆ ಏನು ಪಾಪ ಮಾಡಿದೆ ಸಾರ್?"

ಮೊದಲು ಹೊಟ್ಟೆನೋವಿಗೆ ಔಷಧ ಕೊಟ್ಟು ವಾಸಿ ಮಾಡಿದರು. ಆಮೇಲೆ ನಿಯಮದ ಪ್ರಕಾರ ಎಲ್ಲ ವಿವರಿಸಿ ಅವನನ್ನೂ ಅಧ್ಯಯನಕ್ಕೆ ಸೇರಿಸಿಕೊಂಡೆವು. ಬನಿಯನ್ ಕಂಪನಿಗೂ ವಾಪಸು ಹೋಗತೊಡಗಿದ. ಸ್ಯಾಂಪಲ್ ಕೊಡುವ ಭಾನುವಾರ ನಾನು ಮನೆಗೆ ಹೋದಾಗ ಹೊಸ ಅಂಗಿ ತೊಟ್ಟು ಕಾಯುತ್ತಿದ್ದ. ಡಬ್ಬಿಯನ್ನು ಎರಡು ಕವರಿನಲ್ಲಿ ಸುತ್ತಿ, ತಾನೇ ಪೆಟ್ಟಿಗೆಯಲ್ಲಿಟ್ಟು, ಟೇಪು ಸುತ್ತಿ, ಬಸ್‌ಸ್ಟಾಪಿನ ತನಕ ಹೊತ್ತು ತಂದ. ಬಸ್ಸು ಬಂತು. ನಾನು ಹತ್ತಿ ಕೂತ ಮೇಲೆ ಪೆಟ್ಟಿಗೆಯನ್ನು ಕಿಟಕಿಯಿಂದ ನನ್ನ ಮಡಿಲಿಗೇ ಇಟ್ಟು, ಅತ್ತಿತ್ತ ನೋಡಿ, ದನಿ ತಗ್ಗಿಸಿದ.

"ಕೆಳಗೆ ಮಾತ್ರ ಇಡಬೇಡಿ ಮೇಡಂ. ಈ ರೂಟಲ್ಲಿ ಕಳ್ಳರು ಜಾಸ್ತಿ."