ಬ್ರೇಕ್ ಎಣ್ಣೆಗೆ ಸೋಪಿನ ನೀರು

"ಇನ್ನು ಮುಂದೆ ಈ ಕಾರಿನ ಎಣ್ಣೆ, ನೀರು ನೋಡೋಕೆ ಯಾವ ಮೆಕ್ಯಾನಿಕ್ಕೂ ಬೇಡ. ನಾನಿದೀನಿ," ಎಂದು ಕರಡಿ ಭಾನುವಾರ ಹನ್ನೊಂದೂವರೆಗೆ ಘೋಷಿಸಿದ.

ಕರಡಿ ಎಂದರೆ ಕಾಡಿನದಲ್ಲ. ಮೂವತ್ತು ವರ್ಷದಿಂದ ಅಚ್ಚುಕೂಟದ ಮೂಲೆಯಲ್ಲಿ ಕೂತು ಕರಡು ತಿದ್ದುವವನಿಗೆ ಜೊತೆಗಾರರು ಇಟ್ಟ ಹೆಸರು. ಮೈಮೇಲೆ ಕೂದಲಿಲ್ಲ, ತಲೆಯ ಮೇಲಂತೂ ಎಂದೋ ಖಾಲಿ; ತಪ್ಪು ಕಂಡರೆ ಪರಚುವ ಗುಣ ಮಾತ್ರ ಪಕ್ಕಾ ಕರಡಿಯದು.

ಅವನ ಹೆಂಡತಿ ಹೆರಿಗೆ ವಾರ್ಡಿನ ಹೆಡ್ ನರ್ಸ್. ಕೆಲಸ ಮೂರು ಗಂಟೆ ದಾರಿಯಾಚೆಯ ಇನ್ನೊಂದು ಊರಲ್ಲಿ. ಶನಿವಾರ ಕಾರಿನಲ್ಲಿ ಬರುವಳು, ಭಾನುವಾರ ಮಧ್ಯಾಹ್ನ ಹೊರಡುವಳು. ಆರು ವರ್ಷದಿಂದ ಹೀಗೇ. ಬಂದವಳು ಮೊದಲು ಬಟ್ಟೆ ನೆನೆಹಾಕುವಳು, ಆಮೇಲೆ ಮೆಕ್ಯಾನಿಕ್‌ಗೆ ಫೋನ್ ಮಾಡುವಳು. ಗಂಡನ ಜೊತೆ ಮಾತು ಮೂರನೆಯದು, ಅದೂ ಹೊತ್ತು ಉಳಿದರೆ. ಮೆಕ್ಯಾನಿಕ್ ಬಾನೆಟ್ ಎತ್ತಿ ನಿಂತಾಗ ಅವಳೂ ಪಕ್ಕದಲ್ಲಿ ನಿಂತು ನಗುತ್ತಿದ್ದಳು. ಎಂಜಿನ್ನಿನಲ್ಲಿ ನಗುವಂಥದ್ದು ಏನಿದೆ ಎಂಬುದು ಕರಡಿಗೆ ಈವರೆಗೂ ಹೊಳೆದಿರಲಿಲ್ಲ.

"ನಿಮಗೆ ಗೊತ್ತಾ ಅದೆಲ್ಲ?" ಎಂದಳು ಹೆಂಡತಿ.

"ಕೈಪಿಡಿ ಪೂರ್ತಿ ಓದಿದೀನಿ. ನಲವತ್ತೇಳು ತಪ್ಪಿದಾವೆ."

"ಕಾರಲ್ಲಾ?"

"ಕೈಪಿಡೀಲಿ."

ಓದಿದ್ದೇನೋ ನಿಜ, ಕೆಂಪು ಪೆನ್ನು ಹಿಡಿದೇ ಓದಿದ್ದ. ಒಂದು ಪುಟದಲ್ಲಿ ದಪ್ಪ ಚೌಕಟ್ಟಿನೊಳಗೆ 'ಎಚ್ಚರಿಗೆ' ಎಂದು ಅಚ್ಚಾಗಿತ್ತು. 'ಗೆ' ಹೊಡೆದು 'ಕೆ' ಬರೆದು, ಯುದ್ಧ ಗೆದ್ದವನಂತೆ ಪುಟ ತಿರುವಿದ್ದ. ಎಚ್ಚರಿಕೆ ಯಾವುದರ ಬಗ್ಗೆ ಎಂದು ನೋಡುವುದು ಕರಡು ತಿದ್ದುವವನ ಕೆಲಸವಲ್ಲವಲ್ಲ.

"ಈಗಷ್ಟೇ ಅಂಗಡಿಗೆ ಹೋಗಿ ಬಂದಿದೀನಿ, ಎಂಜಿನ್ ಕುದೀತಿದೆ. ಗೇಟಿನ ಮುಂದೆ ಇಳಿಜಾರು ಬೇರೆ. ಸಮತಟ್ಟಲ್ಲಿ ನಿಲ್ಲಿಸಿ, ಒಂದು ಗಂಟೆ ಬಿಟ್ಟು ನೋಡಿ," ಎಂದಳು ಹೆಂಡತಿ.

"ಒಂದು ಗಂಟೆ ಬಿಟ್ರೆ ನೀನು ಹೊರಟೇ ಹೋಗಿರ್ತೀಯ."

ಅವಳು ಬ್ಯಾಗು ತುಂಬಲು ಒಳಗೆ ಹೋದಳು.

ಕರಡಿ ಎಂಜಿನ್ ಎಣ್ಣೆಯ ಅಳತೆ ಕಡ್ಡಿ ಎಳೆದ. ಎಣ್ಣೆ ಕೆಳಗಿನ ಗೆರೆಗೂ ಮುಟ್ಟಿರಲಿಲ್ಲ. ಸುರಿದ, ತಕ್ಷಣ ಅದ್ದಿ ನೋಡಿದ, ಹಾಗೇ ಇತ್ತು. ಮತ್ತೆ ಸುರಿದ. ಸುರಿದ ಎಣ್ಣೆ ತಳಕ್ಕೆ ಇಳಿಯಲು ಹೊತ್ತು ಬೇಕೆಂಬುದು ಅವನಿಗೆ ಹೊಳೆಯುವಷ್ಟರಲ್ಲಿ ಡಬ್ಬಿ ಬರಿದಾಗಿ, ಎಣ್ಣೆ ಮೇಲಿನ ಗೆರೆಯನ್ನೂ ದಾಟಿ ನಾಲ್ಕು ಬೆರಳು ಏರಿ ನಿಂತಿತ್ತು. ಇದ್ದರೆ ಇರಲಿ, ಹೆಚ್ಚೇ ಆಯಿತಲ್ಲ, ಕಡಿಮೆಯೇನಲ್ಲವಲ್ಲ ಎಂದುಕೊಂಡ. ಒಂದು ಅಕ್ಷರ ಹೆಚ್ಚಾದರೂ ಸಹಿಸದ ಮನುಷ್ಯ!

ಮುಂದಿನದು ರೇಡಿಯೇಟರು. ಮುಚ್ಚಳದ ಮೇಲೆ ಬಟ್ಟೆ ಹಾಕಿ ತಿರುಗಿಸಿದ. ಬುಸ್ ಎಂದು ಎದ್ದ ಹಬೆ ಬಟ್ಟೆಯನ್ನು ಕಾಂಪೌಂಡಿನಾಚೆಗೂ ಕರಡಿಯನ್ನು ಹೂಕುಂಡಗಳ ಮಧ್ಯಕ್ಕೂ ಎಸೆಯಿತು. ಮುಖ ಉಳಿಯಿತು, ಬಲಗೈ ಬೆಂದಿತು.

ಹೆಂಡತಿ ಓಡಿ ಬಂದವಳು ಬೈಯಲಿಲ್ಲ. ಕೈಯನ್ನು ನಲ್ಲಿಯ ಕೆಳಗೆ ಹಿಡಿದು ನಿಂತಳು. ಪೂರ್ತಿ ಇಪ್ಪತ್ತು ನಿಮಿಷ ಅವನ ಮಣಿಕಟ್ಟು ಬಿಡಲಿಲ್ಲ. ಮದುವೆಯಾದ ಹೊಸದರಲ್ಲಾದರೂ ಇಷ್ಟು ಹೊತ್ತು ಕೈ ಹಿಡಿದಿದ್ದಳೇ ಎಂದು ಉರಿಯಲ್ಲೂ ನೆನಪು ಮಾಡಿಕೊಂಡ. ಏನೋ ಹೇಳಬೇಕೆಂದು ತಲೆ ಎತ್ತಿದ. ಅವಳ ಕಣ್ಣು ಕೈಗಡಿಯಾರದ ಮೇಲಿತ್ತು.

ಬ್ಯಾಂಡೇಜು ಸುತ್ತಿ, "ಇನ್ನು ಅದರ ಹತ್ತಿರ ಹೋಗ್ಬೇಡಿ," ಎಂದಳು.

"ಗಾಜು ತೊಳೆಯೋ ನೀರೊಂದು ಬಾಕಿ."

"ನಾನು ಹಾಕ್ಕೋತೀನಿ."

'ನಾನು ಹಾಕ್ಕೋತೀನಿ' ಎಂಬ ಮಾತನ್ನು ಅವನು ಆರು ವರ್ಷದಲ್ಲಿ ಎಷ್ಟು ಸಲ ಕೇಳಿದ್ದನೋ. ಅವಳು ಬಟ್ಟೆ ಬದಲಿಸಲು ಹೋದದ್ದೇ ತಡ, ಎಡಗೈಯಲ್ಲಿ ಸೋಪಿನ ನೀರಿನ ಚೊಂಬು ಹಿಡಿದು ಹೊರಬಿದ್ದ. ಕನ್ನಡಕ ನಲ್ಲಿಯ ಕಟ್ಟೆಯ ಮೇಲೇ ಉಳಿದಿತ್ತು. ಬಾನೆಟ್ಟಿನೊಳಗೆ ಮಸುಕು ಮಸುಕಾಗಿ ಒಂದು ಬಿಳಿ ಡಬ್ಬಿ ಕಂಡಿತು. ಮುಚ್ಚಳ ತೆಗೆದು ಕಂಠಮಟ್ಟ ಸುರಿದ.

ಹೆಂಡತಿ ಬಂದು ಇಣುಕಿದಳು. ಡಬ್ಬಿಯ ಬಾಯಲ್ಲಿ ಗುಳ್ಳೆಗಳು ಏಳುತ್ತಿದ್ದವು.

"ಇದಕ್ಕೇನು ಹಾಕಿದ್ರಿ?"

"ಸೋಪಿನ ನೀರು."

"ಇದು ಬ್ರೇಕ್ ಎಣ್ಣೆ ಡಬ್ಬಿ. ಮುಚ್ಚಳದ ಮೇಲೇ ಬರೆದಿದೆ."

"ಓದಲಿಲ್ಲ," ಎಂದ ಕರಡಿ. ಮೂವತ್ತು ವರ್ಷದಲ್ಲಿ ಅವನ ಬಾಯಿಂದ ಬಾರದಿದ್ದ ಮಾತು.

ಅವಳು ದನಿ ಏರಿಸಲಿಲ್ಲ. "ದಾರಿ ತುಂಬ ಇಳಿಜಾರು, ಎದುರಿಗೆ ಲಾರಿಗಳು. ನಾನು ನೋಡದೆ ಹೊರಟಿದ್ರೆ?"

ಕರಡಿ ಹೂಕುಂಡದ ಕಟ್ಟೆಯ ಮೇಲೆ ಕುಳಿತುಬಿಟ್ಟ.

ಮೆಕ್ಯಾನಿಕ್ ಬಂದ. "ಸ್ಟಾರ್ಟ್ ಮಾಡಿಲ್ಲ ತಾನೆ? ಬ್ರೇಕ್ ತುಳಿದಿಲ್ಲ ತಾನೆ? ಸದ್ಯ, ಬದುಕಿದ್ರಿ. ಅದನ್ನೆಲ್ಲ ತೆಗೆದು ತೊಳೆದು ಹೊಸದು ತುಂಬಬೇಕು. ಎಂಜಿನ್ ಎಣ್ಣೇನೂ ಇಳಿಸಬೇಕು. ನಾಳೆ ಸಂಜೆ ಆಗುತ್ತೆ," ಎಂದು ಕಾರನ್ನು ಕಟ್ಟಿ ಎಳೆಸಿಕೊಂಡು ಹೋದ.

ನಾಳೆ ಸಂಜೆ! ನಾಚಿಕೆ ಆಗಬೇಕಾದ ಜಾಗದಲ್ಲಿ ಕರಡಿಗೆ ಖುಷಿಯಾಯಿತು. ಅಂದರೆ ಸೋಮವಾರ ಅವಳು ಮನೆಯಲ್ಲಿರುತ್ತಾಳೆ. ಎದುರುಬದುರು ಕೂತು ಊಟ. ಕೈ ಬೆಂದಿದೆ, ತುತ್ತು ಮಾಡಿ ಕೊಟ್ಟರೂ ಕೊಟ್ಟಾಳು.

ಅವಳು ಆಸ್ಪತ್ರೆಗೆ ಫೋನ್ ಮಾಡಿದಳು. ದಾದಿಯರ ಮೇಲಧಿಕಾರಿ ಮೇಟ್ರನ್ ಅವರ ಗಟ್ಟಿ ದನಿ ಹೊರಗೂ ಕೇಳುತ್ತಿತ್ತು: "ರಜೆ ಯಾಕೆ ಸಿಸ್ಟರ್? ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"

ಹೆಂಡತಿ ಗಂಡನ ಕಡೆ ನೋಡಿದಳು. ಕರಡಿ ಬ್ಯಾಂಡೇಜಿನ ಕೈಯನ್ನು ತುಸು ಮೇಲೆತ್ತಿ ಹಿಡಿದ.

"ಕಾರಿಗೆ ಹುಷಾರಿಲ್ಲ ಮೇಡಂ," ಎಂದಳು.

"ಅಷ್ಟೇನಾ? ನಮ್ಮ ಆಂಬುಲೆನ್ಸ್ ಪೇಷೆಂಟ್ ಬಿಡೋಕೆ ನಿಮ್ಮೂರಿಗೇ ಬಂದಿದೆ. ಖಾಲಿ ವಾಪಸ್ ಬರುತ್ತೆ. ಕಳಿಸ್ಲಾ?"

"ಕಳಿಸಿ," ಎಂದವಳ ಮುಖದಲ್ಲಿ, ಮೆಕ್ಯಾನಿಕ್ ಎದುರಿಲ್ಲದಿದ್ದರೂ, ನಗು ಇತ್ತು.

ಅರ್ಧ ಗಂಟೆಯಲ್ಲಿ ಆಂಬುಲೆನ್ಸ್ ಗೇಟಿನ ಮುಂದೆ ನಿಂತಿತು. ಅಕ್ಕಪಕ್ಕದವರೆಲ್ಲ ಹೊರಬಂದರು. ಡ್ರೈವರ್ ಇಳಿದು ಬ್ಯಾಂಡೇಜು ನೋಡಿ, ಕರಡಿಯ ತೋಳಿಗೆ ಆಸರೆ ಕೊಡಲು ಬಂದ.

"ಪೇಷೆಂಟ್ ಇವರೇನಾ ಸಿಸ್ಟರ್?"

"ಇವರಲ್ಲ. ನಾನು," ಎನ್ನುತ್ತ ಅವಳು ಬ್ಯಾಗು ಎತ್ತಿಕೊಂಡು ಮುಂದಿನ ಸೀಟಿಗೆ ಹತ್ತಿ ಬಾಗಿಲು ಎಳೆದುಕೊಂಡಳು.