ಕೆಂಪು ರಟ್ಟು, ನೀಲಿ ರಟ್ಟು

ಬೈಂಡಿಂಗ್ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಅಣ್ಣಾ, ಕೆಂಪು ರಟ್ಟು ಯಾವ ಗುಡ್ಡೆಗೆ?" ಪ್ರೂಫಪ್ಪ ಆಗ ಮೆಷಿನ್ನಿನವನ ಜೊತೆ ಜೋರು ಜಗಳದಲ್ಲಿದ್ದ. ತಿರುಗಿಯೂ ನೋಡದೆ ಎಡಗೈ ಚಾಚಿ ಒಂದು ಗುಡ್ಡೆ ತೋರಿಸಿದ. ಆ ಎಡಗೈಯನ್ನು ಆಮೇಲೆ ಎಷ್ಟು ಸಲ ಶಪಿಸಿಕೊಂಡನೋ ದೇವರಿಗೇ ಗೊತ್ತು.

ಪ್ರೂಫಪ್ಪ ಎನ್ನುವುದು ಪ್ರೆಸ್ಸಿನವರು ಇಟ್ಟ ಹೆಸರು. ಅಚ್ಚಾಗುವ ಮುಂಚೆ ಪ್ರತಿ ಪುಟವನ್ನೂ ಓದಿ ತಪ್ಪು ತಿದ್ದುವುದು ಅವನ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ ಕುಂಟು ಮೇಜು, ಅದೇ ಕಿಟಕಿ. ಪಾಪ, ಮನುಷ್ಯ ಒಳ್ಳೆಯವನೇ, ಆದರೆ ಓದಿದ್ದನ್ನೆಲ್ಲ ನಂಬಿಬಿಡುವ ರೋಗವೊಂದಿತ್ತು. ತೂಕ ಇಳಿಸುವ ಪುಸ್ತಕ ತಿದ್ದಿದ ವಾರ ಊಟ ಬಿಟ್ಟಿದ್ದ. ಮೌನದ ಮಹಿಮೆ ತಿದ್ದಿದ ವಾರ ಮನೆಯಲ್ಲಿ ತುಟಿ ಬಿಚ್ಚಿರಲಿಲ್ಲ; ಅಂಥ ಪುಸ್ತಕ ಇನ್ನೊಂದು ಬಂದಿದೆಯಾ ಎಂದು ಹೆಂಡತಿ ಈಗಲೂ ಕೇಳುತ್ತಾಳೆ.

ಆ ದಿನ ಎರಡು ಕಿರುಪುಸ್ತಕಗಳು ಒಟ್ಟಿಗೆ ಬಂದಿದ್ದವು. ಕಾರ್ಮಿಕ ಸಂಘದ್ದು ಕೆಂಪು ರಟ್ಟು: ಕಮ್ಯುನಿಸಂ ಏಕೆ ಒಳ್ಳೆಯದು, ಬಂಡವಾಳಶಾಹಿ ಏಕೆ ಕೆಟ್ಟದ್ದು. ವರ್ತಕರ ಸಂಘದ್ದು ನೀಲಿ ರಟ್ಟು: ಅದೇ ಮಾತು, ತಲೆಕೆಳಗಾಗಿ. ಎರಡೂ ಹದಿನಾರು ಪುಟ, ಒಂದೇ ಅಳತೆ. ಇಬ್ಬರ ಸಭೆಯೂ ಅದೇ ಸಂಜೆ.

"ನೋಡ್ರೀ," ಎಂದು ಯಜಮಾನರು ಬೆಳಿಗ್ಗೆಯೇ ಎಚ್ಚರಿಸಿದ್ದರು. "ಹೋದ ತಿಂಗಳು ಡಾಕ್ಟರ ಕಾರ್ಡಲ್ಲಿ ಸ್ಮಶಾನದ ಫೋನ್ ನಂಬರ್ ಹಾಕ್ಸಿ ಮಾನ ಕಳೆದ್ರಿ. ಇನ್ನೊಂದು ತಪ್ಪಾದ್ರೆ ನೀವು ಬೇರೆ ಕಡೆ ನೋಡ್ಕೋಬೇಕಾಗತ್ತೆ."

ಬೇರೆ ಕಡೆ ಎಲ್ಲಿದೆ? ಐವತ್ತಾರನೇ ವಯಸ್ಸಿನಲ್ಲಿ, ಓದುವುದು ಬಿಟ್ಟು ಇನ್ನೇನೂ ಬಾರದವನಿಗೆ ಯಾರು ಕೆಲಸ ಕೊಟ್ಟಾರು? ಪ್ರೂಫಪ್ಪ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತ.

ಒಂಬತ್ತಕ್ಕೆ ಕೆಂಪಿನದು ಓದಿ ಮುಗಿಸಿದವನೇ ಮೆಷಿನ್ನಿನವನ ಹತ್ತಿರ ಓಡಿದ. "ದುಡಿಯೋರು ನಾವು, ಲಾಭ ಒಬ್ಬರಿಗೆ! ಈ ಮೆಷಿನ್ನು ನಮ್ದಾಗ್ಬೇಕು ಕಣಯ್ಯಾ!"

"ಈ ಡಬ್ಬಾನಾ? ದಿನಕ್ಕೆ ಮೂರು ಸಲ ಕೆಡತ್ತೆ. ನೀನೇ ತಗೊಂಡ್ಹೋಗಣ್ಣ, ಪುಣ್ಯ ಬರತ್ತೆ."

ಹನ್ನೊಂದಕ್ಕೆ ನೀಲಿಯದು ಮುಗಿಯಿತು. ಮತ್ತೆ ಓಡಿದ. "ಎಲ್ಲರದ್ದೂ ಅಂದ್ರೆ ಯಾರದ್ದೂ ಅಲ್ಲ ಕಣೋ! ಹಿಂದಿನ ನಲ್ಲಿ ನೋಡು. ಎಲ್ಲರೂ ಕೈ ತೊಳೀತೀವಿ, ಒಬ್ರಾದ್ರೂ ಆ ತೊಟ್ಟಿ ತೊಳೀತೀವಾ?"

"ಅಲ್ಲಣ್ಣಾ, ಬೆಳಿಗ್ಗೆ ಮೆಷಿನ್ನು ನಮ್ದಾಗ್ಬೇಕು ಅಂದೆ?"

"ಅದು ಬೆಳಿಗ್ಗೆ!"

ಎರಡೂ ಅಚ್ಚಾಗಿ ಗುಡ್ಡೆ ಬಿದ್ದರೂ ಆ ಜಗಳ ನಿಂತಿರಲಿಲ್ಲ. ಅಕ್ಕ ರಟ್ಟಿನ ಮಾತು ಕೇಳಿದ್ದು ಸರಿಯಾಗಿ ಆಗಲೇ.

ಮಧ್ಯಾಹ್ನ ಕಟ್ಟುಗಳು ಹೋದವು. ನಾಲ್ಕರ ಹೊತ್ತಿಗೆ ಪ್ರೂಫಪ್ಪ ಉಳಿದಿದ್ದ ಒಂದು ಕೆಂಪು ಪ್ರತಿಯನ್ನು ಪ್ರೀತಿಯಿಂದ ಬಿಡಿಸಿದ. ಮೊದಲ ಸಾಲು: 'ಪೈಪೋಟಿಯೇ ಪ್ರಗತಿಯ ತಾಯಿ.' ಪ್ರತಿ ಹಿಡಿದು ಅಕ್ಕನ ಹತ್ತಿರ ಓಡಿದ.

"ಅಕ್ಕಾ! ರಟ್ಟು ಅದಲುಬದಲು ಮಾಡಿದೀಯಲ್ಲೇ!"

"ನೀವೇ ಕೈ ತೋರ್ಸಿದ್ದು!"

"ನಾನು ಜಗಳ ಆಡ್ತಿದ್ದೆ ಕಣೇ!"

"ಯಾವ ಕೈ ಜಗಳದ್ದು, ಯಾವ ಕೈ ಕೆಲಸದ್ದು ಅಂತ ನಂಗೇನು ಗೊತ್ತು ಅಣ್ಣಾ?" ಎಂದು ಅಕ್ಕ ಅಂಟು ಕಲಸುತ್ತ ಕೂತಳು.

ಮೆಷಿನ್ನಿನವನು ಸೈಕಲ್ ಕೊಟ್ಟ. ಎರಡು ತಿರುವಿಗೊಮ್ಮೆ ಚೈನು ಕಳಚುತ್ತಿತ್ತು. ಕೈಯೆಲ್ಲ ಎಣ್ಣೆ ಮೆತ್ತಿಕೊಂಡು ಪ್ರೂಫಪ್ಪ ವರ್ತಕರ ಸಭೆಗೆ ನುಗ್ಗುವಾಗ ತಡವಾಗಿತ್ತು. ಎಲ್ಲರ ಕೈಯಲ್ಲೂ ನೀಲಿ ಪುಸ್ತಕ. ಅಧ್ಯಕ್ಷರು ಅದನ್ನು ಎತ್ತಿ ಹಿಡಿದು, "ಇದರ ಒಂದೊಂದು ಮಾತೂ ಬಂಗಾರ!" ಎಂದು ಕೈಗೆ ಸಿಕ್ಕ ಪುಟ ತೆರೆದು ಓದಿದರು: "ದುಡಿಯುವವನು ಒಬ್ಬ, ತಿನ್ನುವವನು ಇನ್ನೊಬ್ಬ!"

ಮುಗೀತು ನನ್ನ ಕತೆ ಎಂದು ಪ್ರೂಫಪ್ಪ ಕಣ್ಣು ಮುಚ್ಚಿದ.

"ಭೇಷ್!" ಎಂದು ಅಂಗಡಿಯವರೆಲ್ಲ ಎದ್ದು ನಿಂತರು. "ನಮ್ಮ ಗೋಳನ್ನೇ ಬರ್ದಿದಾರೆ! ದುಡಿಯೋರು ನಾವು, ತಿನ್ನೋರು ತೆರಿಗೆಯೋರು!" ಚಪ್ಪಾಳೆಗೆ ಛಾವಣಿಯ ಧೂಳು ಉದುರಿತು.

ಅಲ್ಲಿಂದ ಕಾರ್ಮಿಕರ ಸಭೆಗೆ. ಅಲ್ಲಿ ಕಾರ್ಯದರ್ಶಿ ಕೆಂಪು ಪುಸ್ತಕ ಬೀಸುತ್ತ ಓದುತ್ತಿದ್ದರು: "ಮೇಲೆ ಕೂತ ನಾಲ್ಕು ಜನ ನಮ್ಮೆಲ್ಲರ ಬದುಕನ್ನು ನಿರ್ಧರಿಸುವುದು ಬೇಡ!" ಅದು ಸರ್ಕಾರದ ಯೋಜನೆಗಳನ್ನು ಬೈದು ವರ್ತಕರು ಬರೆಸಿದ ಸಾಲು. "ಮಾಲೀಕರಿಗೆ ಧಿಕ್ಕಾರ!" ಎಂದು ಸಭೆ ಗುಡುಗಿತು.

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎನ್ನುತ್ತಾರೆ. ಪ್ರೂಫಪ್ಪನ ಆಯುಸ್ಸು ಅರ್ಧ ಗಂಟೆಯಲ್ಲಿ ಎರಡು ಸಾವಿರ ವರ್ಷ ಬೆಳೆಯಿತು. ಆದರೂ ಬಾಗಿಲಲ್ಲೇ ನಿಂತ. ಯಾರಾದರೂ ಒಂದು ಪುಟ ತಿರುಗಿಸುತ್ತಾರೇನೋ ಎಂದು ಕಾದ. ಒಬ್ಬರು ಪುಸ್ತಕದಿಂದ ಗಾಳಿ ಬೀಸಿಕೊಂಡರು. ಇನ್ನೊಬ್ಬರು ಧೂಳಿನ ಬೆಂಚಿಗೆ ಹಾಸಿ ಕೂತರು. ಇಪ್ಪತ್ತಾರು ವರ್ಷ ಯಾರಿಗಾಗಿ ಓದಿದೆ ಎಂದು ಅವನಿಗೆ ಮೊದಲ ಸಲ ಅನ್ನಿಸಿತು, ಬಹಳ ಬೇಜಾರಾಯಿತು.

ಪ್ರೆಸ್ಸಿಗೆ ಬಂದರೆ ಯಜಮಾನರು ಭಾರೀ ಖುಷಿಯಲ್ಲಿದ್ದರು. "ಇಬ್ಬರೂ ಫೋನ್ ಮಾಡಿ ಹೊಗಳಿದ್ರು ಕಣ್ರೀ! ನಿಮ್ಮ ಕೆಲಸ ಗಟ್ಟಿ ಬಿಡಿ."

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡು ಮನೆಗೆ ಹೋಗಬಾರದಿತ್ತೇ? ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಪುಣ್ಯಾತ್ಮ. ಇಡೀ ಊರಲ್ಲಿ ಒಬ್ಬರಾದರೂ ಆ ತಪ್ಪಿಗೆ ಬೈಯಲಿ ಎಂದು ಅವನ ಜೀವ ಹಾತೊರೆಯುತ್ತಿತ್ತು.

"ಯಜಮಾನ್ರೇ, ರಟ್ಟು ಅದಲುಬದಲಾಗಿದೆ. ತಪ್ಪು ನಂದೇ."

"ಇಬ್ಬರದ್ದೂ?"

"ಇಬ್ಬರದ್ದೂ."

"ಯಾರಿಗೂ ಗೊತ್ತಾಗ್ಲಿಲ್ವಾ?"

"ಒಬ್ಬರಿಗೂ ಇಲ್ಲ."

ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೈಗುಳ ಸಿಗಲಿಲ್ಲವಲ್ಲ ಎಂದುಕೊಂಡರೂ ಪ್ರೂಫಪ್ಪನೂ ಸ್ವಲ್ಪ ನಕ್ಕ. ಅವರು ಕಣ್ಣೊರೆಸಿಕೊಂಡು ಕುರ್ಚಿಗೆ ಒರಗಿದರು.

"ಅಲ್ರೀ, ಪುಸ್ತಕಾನೇ ಬದಲಾದ್ರೂ ಗೊತ್ತಾಗಲ್ಲ ಅಂದ್ರೆ, ಒಳಗೆ ಒಂದು ಅಕ್ಷರ ತಪ್ಪಿದ್ರೆ ಯಾರಿಗ್ರೀ ಗೊತ್ತಾಗತ್ತೆ? ಇಷ್ಟು ವರ್ಷ ನಿಮ್ಮ ಕಣ್ಣನ್ನ ಸುಮ್ನೆ ಸವೆಸಿದ್ನಲ್ಲಪ್ಪಾ! ನಾಳೆಯಿಂದ ಮನೇಲಿ ಆರಾಮಾಗಿರಿ."

"ತಪ್ಪು ಮಾಡಿದ್ದಕ್ಕಾ ಸಾರ್?"

"ಛೆ ಛೆ! ಅದು ತಪ್ಪೇ ಅಲ್ವಲ್ರೀ. ತಪ್ಪಾಗಿದ್ರೆ ನಿಮ್ಮನ್ನ ಇಟ್ಕೋಬೇಕಾಗ್ತಿತ್ತು."

ಮೂವತ್ತೆರಡು ಪುಟವೂ ಪ್ರೂಫಪ್ಪನಿಗೆ ಬಾಯಿಪಾಠವಿತ್ತು. "ಯಜಮಾನ್ರೇ, ಕಾರ್ಮಿಕರ ಪುಸ್ತಕದ ಒಂಬತ್ತನೇ ಪುಟದಲ್ಲಿದೆ: 'ದುಡಿದು ಸವೆದವನನ್ನು ಬೀದಿಗೆ ತಳ್ಳಬಾರದು.' ವರ್ತಕರದ್ದರಲ್ಲೂ ಇದೆ, ಹದಿನಾಲ್ಕನೇ ಪುಟ: 'ಒಳ್ಳೆಯ ಮಾಲೀಕ ಹಳೆಯ ಕೆಲಸಗಾರನ ಕೈ ಬಿಡುವುದಿಲ್ಲ.' ಎರಡೂ ಒಪ್ಪಿರೋದು ಅದೊಂದೇ ಮಾತು ಸಾರ್."

"ಹೌದಾ?" ಯಜಮಾನರ ಮುಖದಲ್ಲಿ ನಿಜವಾದ ಬೇಸರ ಕಂಡಿತು. "ಎಂಥಾ ಚೆನ್ನಾಗಿರೋ ಮಾತು! ಅಯ್ಯೋ, ನಾನೂ ಓದ್ಲಿಲ್ಲ ನೋಡ್ರೀ," ಎಂದು ಎದ್ದು ಫ್ಯಾನು ಆರಿಸಿದರು.